ಮಿಕ ಎಲ್ಲರದು, ನೆಲ ಒಬ್ಬರದು



ಬೇಟೆಗೆ ಕಾನೂನಿನ ಕಡಿವಾಣ ಬಿದ್ದು ಐವತ್ತು ವರ್ಷ ದಾಟಿದ ನಾಡಿನಲ್ಲಿ ನಿಂತು ಬೇಟೆಗಾರನ ನಡವಳಿಕೆಯ ಬಗ್ಗೆ ಮಾತನಾಡಲು ಹೊರಟಿದ್ದೇನೆ. ಅದಕ್ಕೆ ಕಾರಣ ಹೇಳಬೇಕಾದದ್ದು ನನ್ನ ಮೊದಲ ಕರ್ತವ್ಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಮ್ಮಲ್ಲಿ ಬೇಟೆಗೆ ಕಡಿವಾಣ ಹಾಕಿತು, 1991ರ ತಿದ್ದುಪಡಿ ಅದನ್ನು ಬಹುಮಟ್ಟಿಗೆ ಪೂರ್ತಿ ನಿಷೇಧಿಸಿತು. ಅದು ಹಾಗೆಯೇ ಇರಲಿ ಎಂಬುದು ನನ್ನ ನಿಲುವು. ಆದರೆ ಬೇಟೆಯನ್ನು ನಿಲ್ಲಿಸಿದಷ್ಟಕ್ಕೆ ಮೂರು ಪ್ರಶ್ನೆಗಳು ನಿಲ್ಲಲಿಲ್ಲ. ಕಾಡುಪ್ರಾಣಿ ಯಾರದು? ಅದು ಮೇದು ಹೋಗುವ ಹೊಲ ಯಾರದು? ಆ ಪ್ರಾಣಿಗಾಗಿ ಹೊಲಕ್ಕೆ ಕಾಲಿಡುವವನು ಯಾರನ್ನು, ಹೇಗೆ ಕೇಳಬೇಕು? ಈ ಪ್ರಶ್ನೆಗಳನ್ನು ತಲೆಮಾರುಗಟ್ಟಲೆ ಜಗಳಾಡಿ, ಕೋರ್ಟು ಹತ್ತಿ, ಮತ್ತೆ ಅಂಗಳದಲ್ಲಿ ಕುಳಿತು ಮಾತಾಡಿ ಒಂದು ಹದಕ್ಕೆ ತಂದುಕೊಂಡವರು ಅಮೆರಿಕದ ಹಳ್ಳಿಗಾಡಿನ ರೈತರು ಮತ್ತು ಅಲ್ಲಿನ ಬೇಟೆಗಾರರು. ಅವರ ಅನುಭವವನ್ನು ನಾನು ರೈತನ ಕಡೆ ನಿಂತು ಓದಿದ್ದೇನೆ. ಕೇಳುವ ಹೊಣೆ ಒಳಗೆ ಬರುವವನದು. ಕೇಳಿದವನು ಆ ನೆಲ ಹೊತ್ತಿರುವ ಭಾರದಲ್ಲಿ ಒಂದಿಷ್ಟನ್ನಾದರೂ ಹೊರಬೇಕು. ಇವತ್ತು ನಾನು ವಾದಿಸುವುದು ಇಷ್ಟನ್ನೇ.

ಈ ಜಗಳದ ಬೇರು ತುಂಬ ಹಳೆಯದು. ಕ್ರಿ.ಶ. 533ರಲ್ಲಿ ಜಸ್ಟಿನಿಯನ್ ಚಕ್ರವರ್ತಿ ಹೊರಡಿಸಿದ ರೋಮನ್ ಕಾನೂನಿನ ಪಠ್ಯ ಎರಡು ಮಾತನ್ನು ಒಟ್ಟಿಗೆ ಹೇಳುತ್ತದೆ. ಕಾಡುಪ್ರಾಣಿಗೆ ಒಡೆಯನಿಲ್ಲ, ಹಿಡಿದವನಿಗೆ ಅದು ಸೇರುತ್ತದೆ, ತನ್ನ ನೆಲದಲ್ಲಿ ಹಿಡಿದನೋ ಪರರ ನೆಲದಲ್ಲಿ ಹಿಡಿದನೋ ಎಂಬುದು ಲೆಕ್ಕಕ್ಕಿಲ್ಲ. ಆದರೆ ಪರರ ನೆಲಕ್ಕೆ ಬೇಟೆಗೆಂದು ಬರುವವನನ್ನು ಆ ನೆಲದ ಒಡೆಯ ತಡೆಯಬಹುದು. ಪ್ರಾಣಿಯ ಮೇಲೆ ಹಕ್ಕಿಲ್ಲದವನಿಗೆ ದಾರಿಯ ಮೇಲೆ ಹಕ್ಕಿದೆ. ದಾರಿಯ ಮೇಲೆ ಹಕ್ಕಿಲ್ಲದವನಿಗೆ ಪ್ರಾಣಿ ದಕ್ಕಬಹುದು. ಬೇಟೆಯ ಶಿಷ್ಟಾಚಾರವೆಲ್ಲ ಹುಟ್ಟಿದ್ದು ಈ ಎರಡು ಹಕ್ಕುಗಳ ನಡುವಿನ ಸಂದಿಯಲ್ಲಿ.

ಇಂಗ್ಲೆಂಡ್ ಈ ಸಂದಿಯನ್ನು ಶ್ರೀಮಂತರ ಪರವಾಗಿ ಮುಚ್ಚಿಬಿಟ್ಟಿತು. 1671ರ ಬೇಟೆ ಕಾಯ್ದೆಯ ಪ್ರಕಾರ, ವರ್ಷಕ್ಕೆ 100 ಪೌಂಡ್ ಹುಟ್ಟುವಳಿಯ ಸ್ವಂತ ಜಮೀನೋ 150 ಪೌಂಡ್ ಹುಟ್ಟುವಳಿಯ ದೀರ್ಘ ಗೇಣಿ ಜಮೀನೋ ಇದ್ದವನು ಮಾತ್ರ ಮೊಲ, ಕೌಜುಗಗಳ ಬೇಟೆಯಾಡಬಹುದಿತ್ತು. ಆ ಕಾಲದಲ್ಲಿ ಜಿಲ್ಲೆಯ ಪಾರ್ಲಿಮೆಂಟ್ ಸದಸ್ಯನನ್ನು ಆರಿಸಲು ವರ್ಷಕ್ಕೆ 2 ಪೌಂಡ್ ಹುಟ್ಟುವಳಿಯ ಜಮೀನಿದ್ದರೆ ಸಾಕಾಗಿತ್ತು. ವೋಟು ಹಾಕುವುದಕ್ಕಿಂತ ಕೌಜುಗ ಹೊಡೆಯುವುದಕ್ಕೆ ಐವತ್ತು ಪಟ್ಟು ಆಸ್ತಿ ಬೇಕಾಗಿತ್ತು! ತನ್ನ ಗೋಧಿಯನ್ನು ತಿಂದ ಮೊಲವನ್ನು ಸಣ್ಣ ರೈತ ತಾನೇ ಹೊಡೆದರೆ ಅವನೇ ಅಪರಾಧಿ. ಆಸ್ತಿಯ ಈ ಷರತ್ತು 1831ರಲ್ಲಿ ಹೋಯಿತು. ಗೇಣಿದಾರ ತಾನು ಉಳುವ ನೆಲದಲ್ಲಿ ಮೊಲ ಹೊಡೆಯುವ ಹಕ್ಕನ್ನು ಯಾರೂ ಕಸಿಯದಂತೆ ಕಾನೂನು ಬಂದದ್ದು 1880ರಲ್ಲಿ.

ಈ ನೆನಪನ್ನು ಹೊತ್ತುಕೊಂಡು ಕಡಲು ದಾಟಿದವರು ಅಮೆರಿಕದಲ್ಲಿ ಅದನ್ನು ತಿರುಗಿಸಿ ನಿಲ್ಲಿಸಿದರು. 1776ರ ಪೆನ್ಸಿಲ್ವೇನಿಯಾ ಸಂವಿಧಾನ, ಜನರು ತಮ್ಮ ನೆಲದಲ್ಲಷ್ಟೇ ಅಲ್ಲ, ಬೇಲಿ ಹಾಕದ ಇತರರ ನೆಲದಲ್ಲೂ ತಕ್ಕ ಋತುವಿನಲ್ಲಿ ಬೇಟೆಯಾಡಬಹುದು ಎಂದು ಬರೆಯಿತು. ಮರುವರ್ಷ ವರ್ಮಾಂಟ್ ಅದನ್ನೇ ಬರೆದುಕೊಂಡಿತು. ವರ್ಮಾಂಟಿನ ಸಂವಿಧಾನದಲ್ಲಿ ಆ ಕಲಮು ಇವತ್ತಿಗೂ ಇದೆ. ರಾಜ, ಸಾಮಂತರ ಕೈಯಿಂದ ಬಿಡಿಸಿಕೊಂಡ ಹಕ್ಕು ಎಂಬ ಹೆಮ್ಮೆ ಆ ಮಾತಿನ ಹಿಂದಿದೆ. ಬೇಲಿಯಿಲ್ಲದ ನೆಲವನ್ನು ಒಡೆಯ ಬೇಡವೆನ್ನುವವರೆಗೂ ತುಳಿಯಬಹುದು, ಅಲ್ಲಿ ಬೇಟೆಯಾಡಬಹುದು ಎಂಬ ರೂಢಿ ದೇಶದ ಎಷ್ಟೋ ಭಾಗಗಳಲ್ಲಿ ಬೇರೂರಿದೆ ಎಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಆಲಿವರ್ ವೆಂಡೆಲ್ ಹೋಮ್ಸ್ 1922ರ ಮೆಕ್‌ಕೀ - ಗ್ರಾಟ್ಜ್ ಮೊಕದ್ದಮೆಯಲ್ಲಿ ಒಪ್ಪಿಕೊಂಡರು. ಆ ಮೊಕದ್ದಮೆ ಜಿಂಕೆಯದೂ ಅಲ್ಲ, ಹಕ್ಕಿಯದೂ ಅಲ್ಲ. ಮಿಸೌರಿಯ ನೀರಿನಿಂದ ಹೆಕ್ಕಿದ ಕಪ್ಪೆಚಿಪ್ಪುಗಳದು.

ಕೇಳಲು ಚೆನ್ನಾಗಿರುವ ಈ ಸ್ವಾತಂತ್ರ್ಯದಲ್ಲಿ ನನಗೊಂದು ಕೊರತೆ ಕಾಣುತ್ತದೆ. ಇಲ್ಲಿ ಕೇಳುವ ಹೊಣೆ ಬಂದವನ ಹೆಗಲಿನಿಂದ ಇಳಿದು, ಬೇಡವೆನ್ನುವ ಹೊಣೆಯಾಗಿ ರೈತನ ಹೆಗಲೇರಿತು. ಕಾಡು ದಟ್ಟವಾಗಿ ಜನ ವಿರಳವಾಗಿದ್ದ ಕಾಲಕ್ಕೆ ಅದು ಹೊರೆಯೆನಿಸಲಿಲ್ಲ. ಮೋಟಾರು ಕಾರು ಬಂತು. ಪಟ್ಟಣದವನು ಭಾನುವಾರ ಬೆಳಗ್ಗೆ ಐವತ್ತು ಮೈಲಿ ಓಡಿಸಿಕೊಂಡು ಬಂದು, ಹೆಸರು ಗೊತ್ತಿಲ್ಲದ ಹಳ್ಳಿಯ ಮೆಕ್ಕೆಜೋಳದ ಹೊಲಕ್ಕೆ ನಾಯಿ ಬಿಟ್ಟುಕೊಂಡು ನುಗ್ಗತೊಡಗಿದ. ರೈತ ಬೋರ್ಡು ನೆಟ್ಟ. ಬೋರ್ಡನ್ನು ಕಿತ್ತರು, ಗುಂಡು ಹೊಡೆದು ಜರಡಿ ಮಾಡಿದರು. ಆಮೇಲೆ ಬಣ್ಣ ಬಂತು. 1989ರಲ್ಲಿ ಅರ್ಕನ್ಸಾ, 1997ರಲ್ಲಿ ಟೆಕ್ಸಾಸ್, ಬಳಿಕ ಇನ್ನೂ ಹಲವು ರಾಜ್ಯಗಳು ಮರದ ಮೇಲೆ ಬಳಿದ ನೇರಳೆ ಪಟ್ಟಿಗೆ ‘ಪ್ರವೇಶವಿಲ್ಲ’ ಎಂಬ ಫಲಕದಷ್ಟೇ ಬೆಲೆ ಕೊಟ್ಟವು. ಟೆಕ್ಸಾಸಿನ ನಿಯಮ ಅಳತೆಯನ್ನೂ ಹೇಳುತ್ತದೆ: ಪಟ್ಟಿ ಕನಿಷ್ಠ 8 ಅಂಗುಲ ಉದ್ದ, 1 ಅಂಗುಲ ಅಗಲ ಇರಬೇಕು, ನೆಲದಿಂದ 3ರಿಂದ 5 ಅಡಿ ಎತ್ತರದಲ್ಲಿರಬೇಕು, ಕಾಡುನೆಲದಲ್ಲಿ 100 ಅಡಿಗೊಂದರಂತೆ ಬಳಿದಿರಬೇಕು. ಬಣ್ಣವನ್ನು ಕದ್ದೊಯ್ಯಲಾಗುವುದಿಲ್ಲ ಎಂಬುದೇ ಅದರ ಮುಖ್ಯ ಗುಣ. ಉತ್ತರ ಡಕೋಟದಲ್ಲಿ ಇವತ್ತಿಗೂ ಬೇಟೆಯ ಮಟ್ಟಿಗೆ, ಮುಚ್ಚಿದ್ದೇನೆಂದು ರೈತ ಸಾರದ ನೆಲ ತೆರೆದ ನೆಲ. ಹಾಗೆ ಸಾರುವುದನ್ನು ಕಂಪ್ಯೂಟರಿನಲ್ಲೇ ನೋಂದಾಯಿಸಲು 2021ರಲ್ಲಿ ದಾರಿ ಮಾಡಿಕೊಟ್ಟರು. ಸಾವಿರ ಎಕರೆಯ ಸುತ್ತ ಬೋರ್ಡು ನೆಡುತ್ತ ತಿರುಗಬೇಕಾದ ಮುದುಕ ರೈತನಿಗೆ ಅದು ದೊಡ್ಡ ನೆಮ್ಮದಿ. ಆದರೂ ಹೊಣೆ ಉಳಿದದ್ದು ಅವನ ಮೇಲೆಯೇ.

ಕಾನೂನು ಇಷ್ಟು ದೂರ ಬಂದು ನಿಲ್ಲುತ್ತದೆ. ಇಲ್ಲಿಂದ ಮುಂದಿನದನ್ನು ಅಲ್ಲಿಯ ಹಳ್ಳಿಗಳ ಮರ್ಯಾದೆ ನೋಡಿಕೊಳ್ಳುತ್ತದೆ. ಆ ಮರ್ಯಾದೆಯ ಒಳಗುಟ್ಟು ಅದರ ಸಣ್ಣ ಸಣ್ಣ ವಿವರಗಳಲ್ಲಿದೆ. ಆದ್ದರಿಂದ ಅಲ್ಲಿ ಸ್ವಲ್ಪ ನಿಧಾನಿಸುತ್ತೇನೆ.

ಅನುಮತಿ ಕೇಳಲು ಸೀಸನ್ನಿನ ಮೊದಲ ದಿನ ಬೆಳಕು ಹರಿಯುವ ಮುನ್ನ ಬಾಗಿಲು ಬಡಿಯುವವನನ್ನು ಅಲ್ಲಿ ಯಾರೂ ಗೌರವಿಸುವುದಿಲ್ಲ. ತಿಂಗಳುಗಳ ಮುಂಚೆ, ಬೇಸಿಗೆಯಲ್ಲೋ ವಸಂತದಲ್ಲೋ, ಹಗಲು ಹೊತ್ತಿನಲ್ಲಿ ಹೋಗಬೇಕು. ಬಿತ್ತನೆಯ, ಕೊಯ್ಲಿನ ಗಡಿಬಿಡಿಯಲ್ಲಿ ಹೋಗಬಾರದು. ಬೇಟೆಯ ದಿರಿಸು ಬೇಡ, ಬಂದೂಕು ಕಣ್ಣಿಗೆ ಬೀಳುವುದಂತೂ ಬೇಡವೇ ಬೇಡ. ನಾಲ್ಕು ಜನ ಗಂಡಸರು ಒಟ್ಟಾಗಿ ಮನೆಬಾಗಿಲಿಗೆ ಹೋಗಬಾರದು. ಒಬ್ಬನೇ ಹೋಗಬೇಕು, ಅಥವಾ ಮಗನನ್ನೋ ಮಗಳನ್ನೋ ಕರೆದುಕೊಂಡು ಹೋಗಬೇಕು. ತಾನು ಯಾರು, ಎಲ್ಲಿಯವನು, ಯಾವ ಪ್ರಾಣಿಗಾಗಿ, ಯಾವ ದಿನಗಳಲ್ಲಿ, ಯಾವ ವಾಹನದಲ್ಲಿ ಬರುತ್ತೇನೆ ಎಂಬುದನ್ನೆಲ್ಲ ಹೇಳಬೇಕು. ಆಗುವುದಿಲ್ಲ ಎಂದರೆ ಕಾರಣ ಕೇಳದೆ ವಂದಿಸಿ ಹೊರಡಬೇಕು. ಈ ಕೊನೆಯದೇ ಎಲ್ಲಕ್ಕಿಂತ ಮುಖ್ಯ ಎಂದು ನನಗನಿಸುತ್ತದೆ. ನಿರಾಕರಣೆಗೆ ಕಾರಣ ಕೇಳಿದ ಕ್ಷಣವೇ ಕೋರಿಕೆ ಒತ್ತಾಯವಾಗಿಬಿಡುತ್ತದೆ. ತನ್ನ ನೆಲದ ಬಗ್ಗೆ ರೈತ ಯಾರಿಗೂ ಸಮಜಾಯಿಷಿ ಕೊಡಬೇಕಾಗಿಲ್ಲ.

ಒಪ್ಪಿಗೆ ಸಿಕ್ಕ ಮೇಲೆ ಅದು ಸಿಕ್ಕಿದವನೊಬ್ಬನಿಗೇ ಸೇರಿದ್ದು. ಭಾವಮೈದುನನನ್ನು ಜೊತೆಗೆ ಕರೆತರುವುದಕ್ಕೆ ಇನ್ನೊಮ್ಮೆ ಕೇಳಬೇಕು. ಜಿಂಕೆಗೆಂದು ಪಡೆದ ಒಪ್ಪಿಗೆಯಲ್ಲಿ ಟರ್ಕಿ ಕೋಳಿ ಹೊಡೆಯುವಂತಿಲ್ಲ. ಹೋದ ವರ್ಷದ ಒಪ್ಪಿಗೆ ಹೋದ ವರ್ಷಕ್ಕೇ ಮುಗಿಯಿತು. ಕೆಲವು ರಾಜ್ಯಗಳಲ್ಲಿ ಒಪ್ಪಿಗೆ ಬರಹದಲ್ಲಿರಬೇಕು, ಆ ಚೀಟಿ ಜೇಬಿನಲ್ಲಿರಬೇಕು. ಹಾಗೆ ಬೇಡದ ಕಡೆಯೂ ತಿಳಿದವರು ಬರೆಸಿಕೊಳ್ಳುತ್ತಾರೆ, ಏಕೆಂದರೆ ಹೊಲದ ಒಡೆಯ ಅಣ್ಣನಾಗಿದ್ದು ಉಳುವವನು ತಮ್ಮನಾಗಿದ್ದರೆ ಇಬ್ಬರಿಗೂ ವಿಷಯ ಗೊತ್ತಿರಬೇಕಲ್ಲ.

ಇನ್ನು ಗೇಟಿನ ವಿಷಯ. ದನ ಕಟ್ಟಿದ ಮನೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮ ಮಲೆನಾಡಿನಲ್ಲಿ ಉಣುಗೋಲು ಸರಿಸಿ ಹಾಗೇ ಬಿಟ್ಟು ಹೋದವನು ಎಂಥ ಬೈಗುಳ ತಿನ್ನುತ್ತಾನೆಂದು ನಿಮಗೆ ಗೊತ್ತು. ತೆರೆದ ಗೇಟನ್ನು ಮುಚ್ಚಬೇಕು ಎಂದು ಪಟ್ಟಣದವನು ತಿಳಿದಿರುತ್ತಾನೆ. ಅದೂ ತಪ್ಪು. ದನಗಳು ನೀರಿಗೆ ಹೋಗಲೆಂದು ರೈತ ಬೇಕೆಂದೇ ತೆರೆದಿಟ್ಟ ಗೇಟನ್ನು ಇವನು ಒಳ್ಳೆಯದೆಂದು ಮುಚ್ಚಿದರೆ ಸಂಜೆಯವರೆಗೆ ನಲವತ್ತು ದನ ಬಾಯಾರಿ ನಿಲ್ಲುತ್ತವೆ. ಹೇಗೆ ಕಂಡಿತೋ ಹಾಗೆಯೇ ಬಿಡಬೇಕು ಎಂಬುದು ಅಲ್ಲಿಯ ನಿಯಮ. ಮಳೆ ಬಿದ್ದ ಹೊಲದ ಮೇಲೆ ಗಾಡಿ ಓಡಿಸಬಾರದು, ಚಕ್ರದ ಗುಂಡಿಗಳು ಮುಂದಿನ ಬಿತ್ತನೆಯವರೆಗೂ ಉಳಿಯುತ್ತವೆ. ಮರದ ಮೇಲೆ ಅಟ್ಟಣೆ ಕಟ್ಟುವಾಗ ಮೊಳೆ, ತಿರುಪು ಹೊಡೆಯಬಾರದು. ಆ ಮರ ಇಪ್ಪತ್ತು ವರ್ಷಗಳ ಬಳಿಕ ಸಾಮಿಲ್ಲಿಗೆ ಹೋದಾಗ ಒಳಗೆ ಹುದುಗಿದ ಕಬ್ಬಿಣ ಗರಗಸದ ಅಲಗನ್ನು ಮುರಿಯುತ್ತದೆ, ಆಳಿನ ಕಣ್ಣನ್ನೂ ತೆಗೆಯಬಹುದು. ಖಾಲಿ ತೋಟಾಗಳನ್ನು ಹೆಕ್ಕಿಕೊಂಡು ಹೋಗಬೇಕು. ಮಿಕದ ಕರುಳನ್ನು ಕಾಲುದಾರಿಯಲ್ಲಿ ಬಿಟ್ಟುಹೋಗಬಾರದು. ಹೊರಡುವಾಗ ಹೊರಟೆನೆಂದು ತಿಳಿಸಬೇಕು, ಇಲ್ಲದಿದ್ದರೆ ಕತ್ತಲಾದ ಮೇಲೆ ರೈತ ಟಾರ್ಚು ಹಿಡಿದು ಹುಡುಕಲು ಹೊರಡಬೇಕಾಗುತ್ತದೆ. ಮಾಂಸದಲ್ಲಿ ಒಂದು ಪಾಲನ್ನು ಹಸನು ಮಾಡಿ ಮನೆಗೆ ತಲುಪಿಸಬೇಕು. ಮತ್ತೆ ಬೇಟೆಯಿಲ್ಲದ ಕಾಲದಲ್ಲಿ ಒಂದು ದಿನ ಬಂದು ಬೇಲಿಯ ತಂತಿ ಬಿಗಿಯುವುದಕ್ಕೋ ಹುಲ್ಲಿನ ಪಿಂಡಿ ಪೇರಿಸುವುದಕ್ಕೋ ಕೈ ಹಚ್ಚಬೇಕು. ನೆಲವನ್ನು ಅದರ ಕೆಲಸದ ದಿನದಲ್ಲಿ ನೋಡಿದವನು ಬೇಟೆಯ ದಿನ ಅದರ ಮೇಲೆ ಬೇರೆ ರೀತಿ ನಡೆಯುತ್ತಾನೆ ಎಂಬ ನಂಬಿಕೆ ನನ್ನದು.

ಮರ್ಯಾದೆಗೆ ಅತಿ ಕಠಿಣ ಪರೀಕ್ಷೆ ಬರುವುದು ಗಾಯಗೊಂಡ ಮಿಕ ಎಲ್ಲೆ ದಾಟಿದಾಗ. ಒಪ್ಪಿಗೆಯಿದ್ದ ಹೊಲದಲ್ಲಿ ಹೊಡೆದ ಜಿಂಕೆ ನೂರು ಗಜ ಓಡಿ ಒಪ್ಪಿಗೆಯಿಲ್ಲದ ಹೊಲದಲ್ಲಿ ಬಿದ್ದಿದೆ. ಹಿಂಬಾಲಿಸದಿದ್ದರೆ ಪ್ರಾಣಿ ನರಳುತ್ತದೆ, ಹಿಂಬಾಲಿಸಿದರೆ ಇನ್ನೊಬ್ಬನ ನೆಲ ತುಳಿದಂತೆ. ಮಿಕದ ಹಿಂದೆ ಎಲ್ಲೆ ದಾಟಿದ ನಾಯಿಯ ವಿಷಯದಲ್ಲೂ ಇದೇ ಇಕ್ಕಟ್ಟು. ರಾಜ್ಯ ರಾಜ್ಯಕ್ಕೂ ಉತ್ತರ ಬೇರೆ. ತನ್ನ ಬೇಟೆನಾಯಿಯನ್ನು ಮರಳಿ ತರಲು ಕಾಲ್ನಡಿಗೆಯಲ್ಲಿ, ಬಂದೂಕಿಲ್ಲದೆ, ಕೇಳದೆಯೂ ಹೋಗಬಹುದೆಂದು ಮಿನ್ನೆಸೋಟ ಹೇಳುತ್ತದೆ. ವರ್ಜೀನಿಯದಲ್ಲಿಯೂ ನಾಯಿಯ ಹಿಂದೆ ಹೋಗಬಹುದು, ಆದರೆ ಆಯುಧ ಒಯ್ಯುವಂತಿಲ್ಲ, ನೆಲದ ಒಡೆಯ ಕೇಳಿದರೆ ಹೆಸರು ಹೇಳದಿರುವುದು ಅಪರಾಧ. ಎಷ್ಟೋ ಕಡೆ ಇಷ್ಟೂ ಸಡಿಲವಿಲ್ಲ: ಎಲ್ಲೆಯಲ್ಲಿ ನಿಂತು ಫೋನು ಮಾಡಲೇಬೇಕು. ವರ್ಜೀನಿಯದ ಆ ಹೆಸರು ಹೇಳುವ ನಿಯಮ ನನಗೆ ಬಹಳ ಹಿಡಿಸಿತು. ನೆಲದ ಮೇಲೆ ನಿಂತವನಿಗೊಂದು ಮುಖ, ಒಂದು ಹೆಸರು ಇದ್ದರೆ ಅರ್ಧ ಜಗಳ ಅಲ್ಲೇ ಇಳಿಯುತ್ತದೆ.

ಮರ್ಯಾದೆ ಇಷ್ಟು ಬೆಳೆದದ್ದು ತಾನೇ ತಾನಾಗಿ ಅಲ್ಲ. ಅದಕ್ಕೆ ಬುದ್ಧಿ ಕೊಟ್ಟವರಲ್ಲಿ ಆಲ್ಡೋ ಲಿಯೊಪೋಲ್ಡ್ ಮುಖ್ಯರು. ಅರಣ್ಯಾಧಿಕಾರಿಯಾಗಿದ್ದವರು, 1933ರಿಂದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಬೇಟೆಪ್ರಾಣಿಗಳ ನಿರ್ವಹಣೆಯನ್ನು ಕಲಿಸಿದವರು, ಸ್ವತಃ ಬೇಟೆಗಾರರು. 1930ರಲ್ಲಿ ಅವರ ಮುಂದಾಳತ್ವದಲ್ಲಿ ‘ಅಮೆರಿಕದ ಬೇಟೆ ನೀತಿ’ ಎಂಬ ವರದಿ ಸಿದ್ಧವಾಯಿತು. ಪ್ರಾಣಿ ಸಾರ್ವಜನಿಕರದೇ, ಆದರೆ ಖಾಸಗಿ ನೆಲದಲ್ಲಿ ಅದರ ಪಾಲಕ ರೈತ. ಹೊಣೆಗೇಡಿ ಬೇಟೆಗಾರನಿಂದ ಅವನನ್ನು ಕಾಪಾಡಬೇಕು, ಪ್ರಾಣಿಗೆ ನೆಲೆಯಾಗುವಂತೆ ನೆಲವನ್ನು ಇಟ್ಟುಕೊಂಡದ್ದಕ್ಕೆ ಅವನಿಗೆ ಪ್ರತಿಫಲ ಸಿಗಬೇಕು ಎಂಬುದು ಅದರ ತಿರುಳು. ಹೊಲದ ಬದುವಿನ ಪೊದೆ, ಮೂಲೆಯಲ್ಲಿ ಕೊಯ್ಯದೆ ಬಿಟ್ಟ ಜೋಳ, ದನ ನುಗ್ಗದಂತೆ ಬೇಲಿ ಹಾಕಿದ ಜೌಗು ಇವಿಲ್ಲದೆ ಹಕ್ಕಿಯೂ ಇಲ್ಲ, ಮೊಲವೂ ಇಲ್ಲ. ಅವನ್ನು ಉಳಿಸುವುದೋ ಉತ್ತುಬಿಡುವುದೋ ಎಂಬ ತೀರ್ಮಾನ ರೈತನದು. ಬಂದೂಕಿನ ಲೈಸೆನ್ಸು ಕೊಡುವ ಸರ್ಕಾರಕ್ಕೆ ಆ ಪೊದೆಯ ಮೇಲೆ ಯಾವ ಹಿಡಿತವೂ ಇಲ್ಲ. ಅವರಿಗಿಂತ ಮೊದಲು ಇದನ್ನು ಇಷ್ಟು ನೇರವಾಗಿ ಹೇಳಿದವರು ಕಡಿಮೆ.

ಅವರು ವರದಿಗೇ ನಿಲ್ಲಲಿಲ್ಲ. ಮ್ಯಾಡಿಸನ್ ಪಟ್ಟಣದ ಪಶ್ಚಿಮಕ್ಕೆ ರೈಲಿ ಎಂಬ ಸಣ್ಣ ಊರಿದೆ. 1931ರಲ್ಲಿ ಅಲ್ಲಿಯ ರೈತರು ಮತ್ತು ಪಟ್ಟಣದ ಕೆಲವು ಬೇಟೆಗಾರರು ಸೇರಿ ಒಂದು ಸಹಕಾರಿ ಕಟ್ಟಿದರು. ಪಟ್ಟಣದವರು ಹಣ ಹಾಕಿದರು, ರೈತರು ನೆಲವನ್ನೂ ದುಡಿಮೆಯನ್ನೂ ಕೊಟ್ಟರು. ಗಿಡ ನೆಟ್ಟರು, ಹಿಮದ ತಿಂಗಳುಗಳಲ್ಲಿ ಹಕ್ಕಿಗಳಿಗೆ ಕಾಳು ಹಾಕಿದರು, ಹೇಳದೆ ಕೇಳದೆ ನುಗ್ಗುವವರನ್ನು ಒಟ್ಟಾಗಿ ತಡೆದರು, ಬೇಟೆಯ ದಿನ ಜೊತೆಯಾಗಿ ನಡೆದರು. ಅದರ ಕಥೆಯನ್ನು 1940ರಲ್ಲಿ ಲಿಯೊಪೋಲ್ಡ್ ವನ್ಯಜೀವಿ ನಿರ್ವಹಣೆಯ ಪತ್ರಿಕೆಯೊಂದರಲ್ಲಿ ಬರೆದರು. ಅನುಮತಿ ಇಲ್ಲಿ ವರ್ಷಕ್ಕೊಮ್ಮೆ ಕೇಳುವ ಉಪಕಾರವಾಗಿ ಉಳಿಯದೆ, ನೆಲದ ಆರೈಕೆಯಲ್ಲಿ ಪಾಲುಗಾರಿಕೆಯಾಯಿತು. ಲಿಯೊಪೋಲ್ಡ್ ತೀರಿಕೊಂಡದ್ದು 1948ರ ಏಪ್ರಿಲ್ 21ರಂದು. ಪಕ್ಕದ ಜಮೀನಿನಲ್ಲಿ ಹುಲ್ಲಿಗೆ ಬೆಂಕಿ ಬಿದ್ದಿತ್ತು. ಅದನ್ನು ಆರಿಸುತ್ತಿದ್ದಾಗ ಹೃದಯಾಘಾತವಾಯಿತು. ನೆರೆಯವನ ನೆಲಕ್ಕೆ ಯಾವಾಗ ಕೇಳಿ ಹೋಗಬೇಕು, ಯಾವಾಗ ಕೇಳದೆ ಓಡಬೇಕು ಎಂಬುದನ್ನು ಅವರು ಬಲ್ಲವರಾಗಿದ್ದರು.

ಇವತ್ತು ಆ ಪಾಲುಗಾರಿಕೆಯ ಜಾಗಕ್ಕೆ ಹೆಚ್ಚಾಗಿ ದುಡ್ಡು ಬಂದಿದೆ. ನೆಲದ ಬಹುಪಾಲು ಖಾಸಗಿಯವರ ಕೈಯಲ್ಲಿರುವ ಟೆಕ್ಸಾಸಿನಲ್ಲಿ ಎಕರೆ ಲೆಕ್ಕದಲ್ಲಿ ಬೇಟೆಯ ಗುತ್ತಿಗೆ ನಡೆಯುತ್ತದೆ. ರೈತನಿಗೆ ಆದಾಯ ಬರುವುದು ನ್ಯಾಯವೇ, ಆದರೆ ಪಕ್ಕದ ಊರಿನ ಬಡ ಹುಡುಗ ಈ ಲೆಕ್ಕದಲ್ಲಿ ಹೊರಗುಳಿಯುತ್ತಾನೆ. ಬೇರೆ ದಾರಿ ಹುಡುಕಿದ ರಾಜ್ಯಗಳಿವೆ. ಮೊಂಟಾನ 1985ರಲ್ಲಿ, ಕ್ಯಾನ್ಸಸ್ 1995ರಲ್ಲಿ ತೊಡಗಿದ ಯೋಜನೆಗಳಲ್ಲಿ ಸರ್ಕಾರವೇ ರೈತನಿಗೆ ಹಣ ಕೊಟ್ಟು ಜನಸಾಮಾನ್ಯರಿಗಾಗಿ ನೆಲವನ್ನು ತೆರೆಸುತ್ತದೆ. ನೆಲ ತೆರೆಯಲು ರೈತ ಹಿಂಜರಿಯುವುದಕ್ಕೆ ಇನ್ನೊಂದು ಕಾರಣವೂ ಇತ್ತು: ಬಂದವನು ಹಳೆಯ ಬಾವಿಗೆ ಬಿದ್ದು ಕಾಲು ಮುರಿದುಕೊಂಡರೆ ದಾವೆ ಇವನ ಮೇಲೆ. 1965ರಲ್ಲಿ ಒಂದು ಮಾದರಿ ಮಸೂದೆ ಹೊರಟು, ಬಿಟ್ಟಿಯಾಗಿ ನೆಲ ಬಿಟ್ಟುಕೊಟ್ಟವನಿಗೆ ಈ ಹೊಣೆಯಿಂದ ಬಹುಮಟ್ಟಿನ ರಕ್ಷಣೆ ಸಿಗುವ ಕಾನೂನುಗಳು ಹಲವು ರಾಜ್ಯಗಳಲ್ಲಿ ಬಂದವು. ಔದಾರ್ಯಕ್ಕೆ ದಂಡ ಬೀಳಬಾರದು ಎಂಬುದು ಅದರ ಆಶಯ.

ರೈತನ ಪರ ಇಷ್ಟು ವಾದಿಸಿದ ಮೇಲೆ, ನೆಲದ ಒಡೆತನ ಮಿತಿ ಮೀರಿದ ಒಂದು ಪ್ರಸಂಗವನ್ನೂ ಹೇಳದಿದ್ದರೆ ನ್ಯಾಯವಾಗದು. ವಯೋಮಿಂಗ್ ರಾಜ್ಯದ ಎಲ್ಕ್ ಬೆಟ್ಟದ ಸುತ್ತಿನ ನೆಲ ಚದುರಂಗದ ಹಾಸಿನಂತಿದೆ. 1860ರ ದಶಕದಲ್ಲಿ ರೈಲುಮಾರ್ಗ ಹಾಕಲು ಸರ್ಕಾರ ಒಂದು ಚದರ ಮೈಲಿ ಬಿಟ್ಟು ಒಂದು ಚದರ ಮೈಲಿಯಂತೆ, ಅಂದರೆ 640 ಎಕರೆಯ ಚೌಕಗಳನ್ನು, ಕಂಪನಿಗಳಿಗೆ ಕೊಟ್ಟದ್ದರ ಫಲ ಅದು. ಬಿಳಿ ಮನೆ ಸರ್ಕಾರದ್ದು, ಕಪ್ಪು ಮನೆ ಖಾಸಗಿ. ಸಾರ್ವಜನಿಕ ಚೌಕದಿಂದ ಇನ್ನೊಂದು ಸಾರ್ವಜನಿಕ ಚೌಕಕ್ಕೆ ಮೂಲೆಯಿಂದ ಮೂಲೆಗೆ ಮಾತ್ರ ದಾಟಬೇಕು. 2021ರಲ್ಲಿ ಮಿಸೌರಿಯಿಂದ ಬಂದ ನಾಲ್ವರು ಬೇಟೆಗಾರರು ಒಂದು ಏಣಿ ಮಾಡಿಸಿಕೊಂಡು ತಂದು, ಖಾಸಗಿ ನೆಲಕ್ಕೆ ಕಾಲು ತಾಗಿಸದೆ ಮೂಲೆ ದಾಟಿದರು. ಮೇಲಿನ ಗಾಳಿಯೂ ನಮ್ಮದೇ ಎಂದು ಆ ಖಾಸಗಿ ಚೌಕಗಳ ಒಡೆಯರಾದ ಎಸ್ಟೇಟಿನವರು ದಾವೆ ಹೂಡಿ, ಆಸ್ತಿಯ ಬೆಲೆಯಲ್ಲಿ 70 ಲಕ್ಷ ಡಾಲರಿಗೂ ಮೀರಿದ ನಷ್ಟವಾಗುತ್ತದೆಂದು ವಾದಿಸಿದರು. 2022ರಲ್ಲಿ ಜ್ಯೂರಿ ಆ ನಾಲ್ವರನ್ನು ಅಪರಾಧದ ಆರೋಪದಿಂದ ಬಿಡುಗಡೆ ಮಾಡಿತು. 2025ರ ಮಾರ್ಚಿನಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯವೂ ಅವರ ಪರ ನಿಂತಿತು. ಅದಕ್ಕೆ ಆಧಾರವಾದದ್ದು 1885ರ ಒಂದು ಕಾಯ್ದೆ: ಖಾಸಗಿ ನೆಲದ ನೆಪದಲ್ಲಿ ಸಾರ್ವಜನಿಕ ನೆಲಕ್ಕೆ ಬೇಲಿ ಬಿಗಿಯಬಾರದು ಎನ್ನುವುದು. ನನಗೆ ಆ ತೀರ್ಪು ಸರಿಯೆನಿಸುತ್ತದೆ. ಅಲ್ಲಿ ಎಸ್ಟೇಟು ಕಾಯುತ್ತಿದ್ದದ್ದು ಬೆಳೆಯನ್ನೂ ಅಲ್ಲ, ದನವನ್ನೂ ಅಲ್ಲ. ಎಲ್ಲರಿಗೂ ಸೇರಿದ ಸಾವಿರಾರು ಎಕರೆಯನ್ನು ತನ್ನ ಅಂಗಳ ಮಾಡಿಕೊಂಡ ಸುಖವನ್ನು. ಕೇಳುವ ಹೊಣೆ ಬಂದವನದು ಎನ್ನುವಾಗ, ಯಾರ ನೆಲಕ್ಕೆ ಎಂಬ ಪ್ರಶ್ನೆಯನ್ನೂ ಬಿಡುವಂತಿಲ್ಲ.

ಜರ್ಮನಿಯ ವ್ಯವಸ್ಥೆ ಇನ್ನೊಂದು ತೆರನಾದದ್ದು, ನಮಗೆ ಅದರಲ್ಲಿ ಕಲಿಯುವುದು ಹೆಚ್ಚು. ಅಲ್ಲಿ ಬೇಟೆಯ ಹಕ್ಕು ನೆಲದ ಜೊತೆಗೇ ಬರುತ್ತದೆ. ಆದರೆ ಒಂದೇ ಹಾಸಿನಲ್ಲಿ 75 ಹೆಕ್ಟೇರ್ ಇದ್ದವನು ಮಾತ್ರ ಅದನ್ನು ತಾನೇ ಚಲಾಯಿಸಬಹುದು. ಉಳಿದ ಸಣ್ಣ ಹಿಡುವಳಿದಾರರೆಲ್ಲ ಸೇರಿ ಜಂಟಿ ಸಂಘವಾಗಿ, ಸಾಮಾನ್ಯವಾಗಿ ಆ ಹಕ್ಕನ್ನು ಬೇಟೆಗಾರನಿಗೆ ಗುತ್ತಿಗೆ ಕೊಡುತ್ತಾರೆ. ಕಾಡುಹಂದಿ ಬಟಾಟೆ ಹೊಲವನ್ನು ಅಗೆದುಹಾಕಿದರೆ ನಷ್ಟ ತುಂಬಿಕೊಡುವ ಹೊಣೆ ಆ ಸಂಘದ್ದು. ಗುತ್ತಿಗೆ ಕರಾರಿನಲ್ಲಿ ಅದು ಬಹುತೇಕ ಬೇಟೆಗಾರನ ಮೇಲೆಯೇ ಬೀಳುತ್ತದೆ. ಹೊಲದ ನಷ್ಟ ತಿಳಿದ ಒಂದು ವಾರದೊಳಗೆ ರೈತ ದೂರು ಕೊಡಬೇಕು. ಪ್ರಾಣಿಯ ಸುಖ ಯಾರಿಗೋ ಪ್ರಾಣಿಯ ಹಾವಳಿಯ ಲೆಕ್ಕವೂ ಅವರಿಗೇ. ಸಂಘದ ಸದಸ್ಯತ್ವ ಕಡ್ಡಾಯವಾದ್ದರಿಂದ ತೊಡಕೂ ಎದ್ದಿತು. ಬೇಟೆಯೇ ತಪ್ಪು ಎಂದು ನಂಬಿದ ಒಬ್ಬ ಸಣ್ಣ ಜಮೀನುದಾರ, ತನ್ನ ನೆಲದಲ್ಲಿ ಬೇರೆಯವರು ಗುಂಡು ಹಾರಿಸುವುದನ್ನು ಸಹಿಸಲಾರೆನೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋಗಿ 2012ರಲ್ಲಿ ಗೆದ್ದ. ಮರುವರ್ಷ ಜರ್ಮನಿ ತನ್ನ ಕಾಯ್ದೆಯನ್ನು ತಿದ್ದಿಕೊಂಡಿತು. ನನ್ನ ನೆಲದಲ್ಲಿ ಯಾವ ಪ್ರಾಣಿಯೂ ಸಾಯಬಾರದು ಎನ್ನುವ ಹಕ್ಕು ಕೂಡ ನೆಲದ ಒಡೆತನದ ಭಾಗವೇ ಎಂದು ಒಪ್ಪಿದ್ದು ದೊಡ್ಡ ಮಾತು.

ಈಗ ನಮ್ಮ ಮನೆಗೆ ಬರುತ್ತೇನೆ. ಬೇಟೆಗೂ ನೆಲಕ್ಕೂ ಇರುವ ಋಣವನ್ನು ಕನ್ನಡನಾಡು ಅರಿಯದ್ದೇನೂ ಅಲ್ಲ. ಹತ್ತನೆಯ ಶತಮಾನದ ನಡುವಿನ ಆತಕೂರು ಶಾಸನದಲ್ಲಿ, ಮಣಲೇರ ಎಂಬ ವೀರ ಕೇಳಿ ಪಡೆದ ಕಾಳಿ ಎಂಬ ನಾಯಿ ಹಂದಿಯೊಡನೆ ಹೋರಾಡಿ ಮಡಿದದ್ದಕ್ಕೆ ಕಲ್ಲು ನಿಲ್ಲಿಸಿದರು, ಅದರ ಪೂಜೆಗೆ ಭೂಮಿ ಬಿಟ್ಟರು. ಮಲೆನಾಡಿನಲ್ಲಿ ಹಳು ಸೋವಿ ಮಿಕವನ್ನು ಎಬ್ಬಿಸಿದವನಿಗೂ ಬಿಲ್ಲಿಗೆ ಕೂತು ಕಾದವನಿಗೂ ಬೇಟೆಯಲ್ಲಿ ಪಾಲು ಸಲ್ಲುತ್ತಿತ್ತು. ಕೊಡಗಿನ ಆಯುಧಹಬ್ಬ ಕೈಲ್ ಪೊಳ್ದ್‌ನಂದು ಇಂದಿಗೂ ಕೋವಿ ಪೂಜೆಗೊಳ್ಳುತ್ತದೆ. ಆ ಬೇಟೆ ಮುಗಿದದ್ದು ಒಳ್ಳೆಯದೇ ಆಯಿತು. ಉಳಿದದ್ದು ಹೊಲಕ್ಕೆ ನುಗ್ಗುವ ಹಂದಿ, ಬಾಳೆ ಮುರಿಯುವ ಆನೆ, ಮತ್ತು ಭತ್ತ ಹಾಲುಗಟ್ಟುವ ಹೊತ್ತಿನಲ್ಲಿ ಮಾಳದ ಮೇಲೆ ಡಬ್ಬ ಬಡಿಯುತ್ತ ಕೂರುವ ರೈತ.

1972ರ ವನ್ಯಜೀವಿ ಕಾಯ್ದೆಯ 11ನೆಯ ಕಲಮಿನಲ್ಲಿ ಅವನಿಗೊಂದು ಕಿಂಡಿಯಿದೆ. ಎರಡನೆಯ ಅನುಸೂಚಿಯ ಪ್ರಾಣಿ ಜೀವಕ್ಕೋ ನಿಂತ ಬೆಳೆಗೋ ಅಪಾಯವಾದರೆ, ಮುಖ್ಯ ವನ್ಯಜೀವಿ ಪರಿಪಾಲಕರೋ ಅವರಿಂದ ಅಧಿಕಾರ ಪಡೆದವರೋ ಕಾರಣ ಬರೆದು ಅದನ್ನು ಕೊಲ್ಲಲು ಲಿಖಿತ ಅನುಮತಿ ಕೊಡಬಹುದು. ಹಾಗೆ ಕೊಂದ ಪ್ರಾಣಿ ಸರ್ಕಾರದ ಸ್ವತ್ತು. ಗಮನಿಸಿ, ಇಲ್ಲಿ ಅನುಮತಿಯ ದಿಕ್ಕೇ ತಿರುಗಿದೆ. ಅಮೆರಿಕದಲ್ಲಿ ಬಂದವನು ರೈತನನ್ನು ಕೇಳುತ್ತಾನೆ. ನಮ್ಮಲ್ಲಿ ರೈತ ತನ್ನದೇ ಹೊಲದಲ್ಲಿ ನಿಂತು ಸರ್ಕಾರವನ್ನು ಕೇಳುತ್ತಾನೆ. ಪ್ರಾಣಿಯ ಉಳಿವಿಗೆ ಅದು ಅಗತ್ಯವೆಂದು ನಾನು ಒಪ್ಪುತ್ತೇನೆ. ಆದರೆ ಅಗತ್ಯವಾದ ಬಿಗಿಗೆ ತಕ್ಕ ಪಾವತಿಯೂ ಇರಬೇಕು. ಬೆಳೆ ರಕ್ಷಣೆಗೆಂದು ಲೈಸೆನ್ಸು ಪಡೆದ ಕೋವಿಯನ್ನು ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ ಬರಬೇಕೆನ್ನುವ ಬೆಳೆಗಾರರ ದೂರು ಹಳೆಯದು. ಬೆಳೆನಷ್ಟದ ಪರಿಹಾರಕ್ಕೆ ಇ-ಪರಿಹಾರ ಎಂಬ ವ್ಯವಸ್ಥೆ ಇದೆ. ಆದರೆ ಅರ್ಜಿ, ಫೋಟೊ, ಪಹಣಿ, ಮಹಜರು ಇವೆಲ್ಲ ಮುಗಿಯುವ ಹೊತ್ತಿಗೆ ಹೊಲ ಮತ್ತೊಮ್ಮೆ ಮೇದುಹೋಗಿರುತ್ತದೆ. ಹಂದಿಗೆಂದು ತೋಟದ ಬೇಲಿಯಲ್ಲಿ ಬಿಗಿದ ತಂತಿ ಉರುಳಿಗೆ ಚಿರತೆ, ಹುಲಿ ಸಿಕ್ಕಿ ಸಾಯುವ ಸುದ್ದಿಯನ್ನು ನಾವು ಓದುತ್ತೇವೆ. ಉರುಳು ಕ್ರೂರ, ಅಪರಾಧ; ಅದನ್ನು ಯಾವ ಕಾರಣಕ್ಕೂ ಸಮರ್ಥಿಸಲಾರೆ. ಹಾಗೆಂದು ಉರುಳನ್ನು ಕೀಳುವವರು ಅದನ್ನು ಬಿಗಿಸಿದ ನಷ್ಟದ ಲೆಕ್ಕವನ್ನು ಕೇಳದೆ ಹೋಗುವುದು ಸರಿಯಲ್ಲ.

ಕೇಳದೆ ನೆಲಕ್ಕೆ ಕಾಲಿಡುವ ಇನ್ನೊಂದು ಗುಂಪು ಈ ಸಭಾಂಗಣದಲ್ಲೇ ಇದೆ. ಬಂದೂಕು ಹೋದ ಜಾಗಕ್ಕೆ ಕ್ಯಾಮೆರಾ ಬಂದಿದೆ. ಹಕ್ಕಿ ನೋಡುವವರು, ಫೋಟೊ ತೆಗೆಯುವವರು, ಚಾರಣ ಹೋಗುವವರು ಶನಿವಾರ ರಾತ್ರಿ ಹೊರಟು ಭಾನುವಾರ ಬೆಳಗ್ಗೆ ಯಾರದೋ ಗದ್ದೆಯ ಬದುವಿನ ಮೇಲೆ, ಯಾರದೋ ಕಾಫಿ ತೋಟದ ಒಳಗೆ ನಡೆಯುತ್ತೀರಿ. ಕೊಲ್ಲುವುದಿಲ್ಲವಲ್ಲ ಎಂಬ ಸಮಾಧಾನ ನಿಮ್ಮದು. ಆದರೆ ಬದು ಕುಸಿಯುವುದಕ್ಕೆ ಆ ನಡಿಗೆಯೇ ಸಾಕು, ಹೂ ಬಿಟ್ಟ ಕಾಫಿ ರೆಂಬೆ ಮುರಿಯುವುದಕ್ಕೂ ಅದೇ ಸಾಕು. ಆ ತೋಟದ ನೆರಳುಮರಗಳನ್ನು ಕಡಿಯದೆ ಉಳಿಸಿಕೊಂಡದ್ದರಿಂದಲೇ ಮಂಗಟ್ಟೆ ಅಲ್ಲಿ ಬಂದು ಕೂತಿದೆ. ಉಳಿಸಿಕೊಂಡವರ ಹೆಸರು ನಿಮಗೆ ಗೊತ್ತಿರುವುದಿಲ್ಲ. ಅಮೆರಿಕದ ಬೇಟೆಗಾರ ಒಂದು ಜಿಂಕೆಗಾಗಿ ಮೂರು ತಿಂಗಳು ಮುಂಚೆ ಹೋಗಿ ಬಾಗಿಲು ತಟ್ಟುತ್ತಾನೆ. ಒಂದು ಚಿತ್ರಕ್ಕಾಗಿ ಹೋಗುವ ನಮಗೆ ಹಿಂದಿನ ದಿನ ಫೋನು ಮಾಡುವುದು ಕಷ್ಟವಲ್ಲ.

ನಿಮ್ಮಲ್ಲಿ ಹಕ್ಕಿ ವೀಕ್ಷಕರ ಸಂಘ ನಡೆಸುವವರಿದ್ದರೆ ಅವರಿಗೆ ನನ್ನದೊಂದು ನೇರವಾದ ಸಲಹೆ ಇದೆ. ನೀವು ಹೋಗುವ ಪ್ರತಿಯೊಂದು ಖಾಸಗಿ ನೆಲದ ಮನೆಯವರ ಹೆಸರು, ಫೋನು, ಅವರು ಹೇಳಿದ ಷರತ್ತು ಇವಿಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಿ, ವರ್ಷಕ್ಕೊಮ್ಮೆ ಮತ್ತೆ ಕೇಳಿ. ನೋಡಿದ ಹಕ್ಕಿಗಳ ಪಟ್ಟಿಯನ್ನು ಕನ್ನಡದಲ್ಲಿ ಬರೆದು ಆ ಮನೆಗೆ ಕೊಡಿ. ಹಂದಿಯಿಂದ, ನವಿಲಿನಿಂದ, ಆನೆಯಿಂದ ಆ ವರ್ಷ ಏನು ಹೋಯಿತೆಂದು ಕೇಳಿ ಅದನ್ನೂ ಅದೇ ಪುಸ್ತಕದಲ್ಲಿ ಬರೆದುಕೊಳ್ಳಿ. ಪರಿಹಾರದ ಅರ್ಜಿ ಬಾಕಿಯಿದ್ದರೆ, ಓದುಬರಹ ಬಲ್ಲ ನಿಮ್ಮಲ್ಲೊಬ್ಬರು ಕುಳಿತು ತುಂಬಿಕೊಡಿ, ವಲಯ ಅರಣ್ಯಾಧಿಕಾರಿಯ ಕಚೇರಿಗೆ ಅವರ ಜೊತೆ ಹೋಗಿ ಬನ್ನಿ. ಮನೆಯವರು ಬರಬೇಡಿ ಎಂದ ವರ್ಷ ಹೋಗಬೇಡಿ, ಆದರೆ ಅರ್ಜಿಯ ಕೆಲಸವನ್ನು ಮಾತ್ರ ಅಂಥ ವರ್ಷವೂ ಬಿಡಬೇಡಿ.